ಮರೆವಿನ ಬಗೆಗಳನ್ನು ಬೇರ್ಪಡಿಸಿದವರು

ಕ್ರಿಸ್ತಶಕ 1604ರಲ್ಲಿ ಅಜಿಲ ವಂಶದ ತಿಮ್ಮಣ್ಣರಸನು ಫಲ್ಗುಣಿ ನದಿಯ ದಡದ ವೇಣೂರಿನಲ್ಲಿ ಬಾಹುಬಲಿಯ ಏಕಶಿಲಾ ಮೂರ್ತಿಯನ್ನು ಪ್ರತಿಷ್ಠಾಪಿಸಿದನು. ಆಗ ವೇಣೂರು ಅಜಿಲರ ರಾಜಧಾನಿ, ಬಸದಿಗಳ ಊರು. ಹತ್ತಿರದ ಮೂಡುಬಿದಿರೆಯಲ್ಲಿ ಧವಲಾ ಮುಂತಾದ ಸಿದ್ಧಾಂತ ಗ್ರಂಥಗಳು ತಾಳೆಗರಿಯ ಮೇಲೆ, ಹಳಗನ್ನಡ ಲಿಪಿಯಲ್ಲಿ, ಶತಮಾನಗಳಿಂದ ಭದ್ರವಾಗಿದ್ದವು. ಗ್ರಂಥದ ನೆನಪನ್ನು ಕಾಪಾಡುವ ವಿದ್ಯೆ ಆ ಸೀಮೆಗೆ ಚೆನ್ನಾಗಿ ಕರಗತವಾಗಿತ್ತು. ಮನುಷ್ಯನ ನೆನಪು ಮುಪ್ಪಿನಲ್ಲಿ ಏಕೆ ಅಳಿಯುತ್ತದೆ ಎಂಬುದು ಮಾತ್ರ ಆಗ ಯಾವ ದೇಶಕ್ಕೂ ತಿಳಿದಿರಲಿಲ್ಲ.

ಬುದ್ಧಿ ಕದಡಿದ ಹಿರಿಯರು ಆ ಕಾಲದಲ್ಲಿಯೂ ಇದ್ದಿರಬೇಕು. ಯಜಮಾನನು ತನ್ನದೇ ಗದ್ದೆಯ ಹುಣಿಯಲ್ಲಿ ದಾರಿ ತಪ್ಪುವುದು, ಸೊಸೆಯನ್ನು ಎಂದೋ ತೀರಿಹೋದ ತಂಗಿಯ ಹೆಸರಿನಿಂದ ಕರೆಯುವುದು, ಕೈತೊಳೆದ ಮರುಗಳಿಗೆಯಲ್ಲೇ ತನಗಿನ್ನೂ ಊಟ ಬಡಿಸಲಿಲ್ಲವೆಂದು ಜಗಲಿಯಲ್ಲಿ ಕುಳಿತು ನೊಂದುಕೊಳ್ಳುವುದು, ಇವೆಲ್ಲ ಕೂಡುಕುಟುಂಬದ ಕಣ್ಣೆದುರು ನಡೆಯುತ್ತಿದ್ದವು. ಊರು ಇವನ್ನೆಲ್ಲ ಒಟ್ಟಾಗಿ ಅರಳುಮರಳು ಎಂದಿತು. ಮನೆಯವರು ಪ್ರೀತಿಯಿಂದಲೇ ಸಾಕಿದರು. ಕಾರಣವನ್ನು ವಿಚಾರಿಸುವ ದಾರಿ ಅವರಿಗೆ ಇರಲಿಲ್ಲ.

ಮೂರ್ತಿ ನಿಂತು 60 ವರ್ಷವಾದಾಗ, 1664ರಲ್ಲಿ, ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ಮಿದುಳಿನ ರಚನೆಯನ್ನು ಕುರಿತು ಲ್ಯಾಟಿನ್ ಭಾಷೆಯಲ್ಲಿ ಒಂದು ಮಹಾಗ್ರಂಥವನ್ನು ಪ್ರಕಟಿಸಿದರು. ಮುಂದೆ ಲಂಡನ್ನಿನ ಸೇಂಟ್ ಪಾಲ್ ಇಗರ್ಜಿಯನ್ನು ಕಟ್ಟಿಸಿದ ಕ್ರಿಸ್ಟೋಫರ್ ರೆನ್ ಅದಕ್ಕೆ ಚಿತ್ರಗಳನ್ನು ಬರೆದುಕೊಟ್ಟರು. ಮಿದುಳಿನ ಬುಡದಲ್ಲಿ ರಕ್ತನಾಳಗಳು ಕೂಡಿ ಆಗುವ ವರ್ತುಲಕ್ಕೆ ಇಂದಿಗೂ ವಿಲ್ಲಿಸರ ಹೆಸರೇ ಇದೆ. ಆದರೆ ಆ ಚಿತ್ರಗಳೆಲ್ಲ ಸತ್ತವರ ಮಿದುಳಿನವು. ಬದುಕಿರುವವರ ತಲೆಯೊಳಗೆ ಏನು ನಡೆದಿದೆಯೆಂದು ನೋಡುವುದಕ್ಕೆ ಲೋಕವು ಅಲ್ಲಿಂದ ಮುನ್ನೂರಕ್ಕೂ ಹೆಚ್ಚು ವರ್ಷ ಕಾಯಬೇಕಾಯಿತು. ಆ ಕಾಯುವಿಕೆಯ, ಆಮೇಲೆ ಒಂದೊಂದಾಗಿ ತೆರೆದ ಬಾಗಿಲುಗಳ ಕಥೆ ಇದು.

ಸತ್ತ ಮೇಲೆ ಸಿಕ್ಕಿದ ಉತ್ತರ

ಮೈಸೂರು ಸೀಮೆ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದ 1847ರಲ್ಲಿ, ಬೆಂಗಳೂರಿನಲ್ಲಿ ಚಿತ್ತ ಕೆಟ್ಟವರಿಗೆಂದೇ ಒಂದು ಆಸ್ಪತ್ರೆ ಹುಟ್ಟಿತು. ಜನ ಅದನ್ನು ಹುಚ್ಚಾಸ್ಪತ್ರೆ ಎಂದರು. 1925ರಲ್ಲಿ ಅದಕ್ಕೆ ಮಾನಸಿಕ ಆಸ್ಪತ್ರೆ ಎಂಬ ಹೆಸರು ಬಂತು. 1930ರ ದಶಕದ ಕೊನೆಯ ಹೊತ್ತಿಗೆ ಅದು ಲಕ್ಕಸಂದ್ರದ ವಿಶಾಲವಾದ ಆವರಣಕ್ಕೆ ಬಂದು ನೆಲೆಯೂರಿತು. ಇಂದಿನ ನಿಮ್ಹಾನ್ಸ್ ಸಂಸ್ಥೆಯ ಬೇರು ಅಲ್ಲಿದೆ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಯುರೋಪಿನ ಇಂಥ ಆಸ್ಪತ್ರೆಗಳಲ್ಲಿ ಕೆಲವು ವೈದ್ಯರು ಹೊಸದೊಂದು ಶ್ರಮಕ್ಕೆ ಕೈಹಾಕಿದರು. ರೋಗಿ ಬದುಕಿರುವಾಗ ಅವರ ನಡೆನುಡಿಯನ್ನು ತಾಳ್ಮೆಯಿಂದ ಬರೆದಿಡುವುದು, ತೀರಿಕೊಂಡ ಮೇಲೆ ಮಿದುಳನ್ನು ಪರೀಕ್ಷಿಸಿ ಎರಡನ್ನೂ ಹೊಂದಿಸಿ ನೋಡುವುದು. ಪ್ರಾಗ್ ನಗರದ ಆರ್ನಾಲ್ಡ್ ಪಿಕ್ 1892ರಲ್ಲಿ, ಮಾತು ಕೆಟ್ಟು ಬುದ್ಧಿ ಕುಂದಿದ ವೃದ್ಧನೊಬ್ಬನ ಮಿದುಳಿನಲ್ಲಿ ಎಡಗಿವಿಯ ಬದಿಯ ಭಾಗ ಮಾತ್ರ ವಿಶೇಷವಾಗಿ ಸೊರಗಿದ್ದನ್ನು ಕಂಡರು. 1894ರಲ್ಲಿ ಒಟ್ಟೊ ಬಿನ್ಸ್‌ವಾಂಗರ್, ರಕ್ತನಾಳಗಳು ಕೆಟ್ಟು ಮಿದುಳಿನ ಒಳಪದರ ಹಾಳಾಗುವ ಬೇರೆಯೇ ಒಂದು ಬಗೆಯನ್ನು ವಿವರಿಸಿದರು.

1901ರ ನವೆಂಬರಿನಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ 51 ವರ್ಷದ ಅಗಸ್ಟೆ ಡೀಟರ್ ಎಂಬ ಗೃಹಿಣಿಯನ್ನು ಕರೆತಂದರು. ಆಕೆ ಮನೆಯ ಸಾಮಾನುಗಳನ್ನು ಎಲ್ಲೆಲ್ಲೋ ಬಚ್ಚಿಡುತ್ತಿದ್ದಳು, ಗಂಡನನ್ನು ಸಂಶಯಿಸುತ್ತಿದ್ದಳು, ಅಡುಗೆ ಮರೆತಿದ್ದಳು. ವೈದ್ಯ ಅಲೋಯಿಸ್ ಆಲ್ಝೈಮರ್ ದಿನವೂ ಆಕೆಯ ಬಳಿ ಕುಳಿತು ಪ್ರಶ್ನೋತ್ತರವನ್ನು ಬರೆದಿಟ್ಟರು. ಹೂಕೋಸು ಮತ್ತು ಮಾಂಸವನ್ನು ಉಣ್ಣುತ್ತಿರುವಾಗ ಏನು ತಿನ್ನುತ್ತಿದ್ದೀಯೆಂದು ಕೇಳಿದರೆ ಆಕೆ ಸೊಪ್ಪಿನ ಹೆಸರು ಹೇಳಿದಳು. ತನ್ನ ಹೆಸರನ್ನು ಬರೆಯಲು ಕೊಟ್ಟರೆ ಅರ್ಧಕ್ಕೇ ನಿಂತಳು. 1906ರ ಏಪ್ರಿಲಿನಲ್ಲಿ ಆಕೆ ತೀರಿಕೊಂಡಾಗ ಆಲ್ಝೈಮರ್ ಮ್ಯೂನಿಕ್‌ನಲ್ಲಿದ್ದರು. ಮಿದುಳನ್ನು ಅಲ್ಲಿಗೇ ತರಿಸಿಕೊಂಡು, ಬೆಳ್ಳಿಯ ಲವಣದ ಬಣ್ಣ ಕಟ್ಟಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ನರಕೋಶಗಳ ನಡುವೆ ವಿಚಿತ್ರ ಮಚ್ಚೆಗಳು ಹರಡಿದ್ದವು, ಕೋಶಗಳ ಒಳಗೆ ಎಳೆಗಳು ಗಂಟುಗಟ್ಟಿದ್ದವು. ಅದೇ ವರ್ಷದ ನವೆಂಬರ್ 3ರಂದು ಟ್ಯೂಬಿಂಗನ್ನಿನ ವೈದ್ಯರ ಸಭೆಯಲ್ಲಿ ಇದನ್ನು ಮಂಡಿಸಿದಾಗ ಸಭೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. 1910ರಲ್ಲಿ ಎಮಿಲ್ ಕ್ರೆಪೆಲಿನ್ ತಮ್ಮ ಪಠ್ಯಗ್ರಂಥದಲ್ಲಿ ಈ ರೋಗಕ್ಕೆ ಆಲ್ಝೈಮರ್ ಹೆಸರಿಟ್ಟರು. 1912ರಲ್ಲಿ ಫ್ರೆಡ್ರಿಕ್ ಲೂಯಿ ನರಕೋಶದೊಳಗಿನ ಮತ್ತೊಂದು ಬಗೆಯ ಉಂಡೆಗಳನ್ನು ಗುರುತಿಸಿದರು. ಅವು ಮರೆವಿಗೂ ಕಾರಣವಾಗಬಲ್ಲವೆಂದು ಜಪಾನಿನ ಕೆಂಜಿ ಕೊಸಾಕ ತೋರಿಸಿದ್ದು 1976ರಲ್ಲಿ.

ಹೀಗೆ ಹಲವು ರೋಗಗಳ ಬಾಗಿಲು ತೆರೆದವು, ಒಂದೊಂದೂ ಮರಣದ ನಂತರವೇ. ಹೆಂಡತಿಗೆ ಏನಾಗಿದೆ ಎಂದು ಗಂಡ ಕೇಳಿದ್ದಕ್ಕೆ ಉತ್ತರ ಸಿಗುವ ಹೊತ್ತಿಗೆ ಆ ಹೆಂಡತಿ ಇರುತ್ತಿರಲಿಲ್ಲ.

ನೆರಳಿನ ಯುಗ

1895ರಲ್ಲಿ ರಾಂಟ್ಜೆನ್ ಕಂಡುಹಿಡಿದ ಎಕ್ಸ್‌ರೇ ಬುರುಡೆಯನ್ನು ತೋರಿಸಿತು. ಬುರುಡೆಯೊಳಗಿನ ಮೆತ್ತನೆಯ ಮಿದುಳು ಅದಕ್ಕೆ ಕಾಣಲಿಲ್ಲ. ಬಾಲ್ಟಿಮೋರಿನ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ 1919ರಲ್ಲಿ ಒಂದು ಉಪಾಯ ಹೂಡಿದರು. ಬೆನ್ನುಹುರಿಯ ಬಳಿಯಿಂದ ದ್ರವವನ್ನು ತೆಗೆದು ಅದರ ಬದಲು ಗಾಳಿಯನ್ನು ತುಂಬುವುದು. ಆ ಗಾಳಿ ಮಿದುಳಿನ ಕುಹರಗಳಿಗೆ ಏರಿದಾಗ ಎಕ್ಸ್‌ರೇಯಲ್ಲಿ ಅವುಗಳ ಆಕಾರ ಕಾಣುತ್ತಿತ್ತು. ಕುಹರ ಹಿಗ್ಗಿದ್ದರೆ ಮಿದುಳು ಕುಗ್ಗಿದೆಯೆಂದು ಊಹಿಸಬಹುದಿತ್ತು. ರೋಗಿಗೆ ಮಾತ್ರ ಅದು ಘೋರ ಹಿಂಸೆ. ಪರೀಕ್ಷೆ ಮುಗಿದ ಮೇಲೂ ದಿನಗಟ್ಟಲೆ ತಲೆನೋವು, ವಾಂತಿ. ಪೋರ್ಚುಗಲ್ಲಿನ ಎಗಾಸ್ ಮೋನಿಜ್ 1927ರಲ್ಲಿ ಮಿದುಳಿನ ರಕ್ತನಾಳಗಳಿಗೆ ಎಕ್ಸ್‌ರೇಯಲ್ಲಿ ಕಾಣುವ ದ್ರವ ಹರಿಸಿ ಅವುಗಳ ಚಿತ್ರ ತೆಗೆದರು. ಎರಡೂ ಗಡ್ಡೆಗಳನ್ನು ಹುಡುಕಲು ನೆರವಾದವು. ಮರೆವಿನಿಂದ ಬಳಲುವ ಮುದುಕರ ಮೇಲೆ ಅವನ್ನು ಪ್ರಯೋಗಿಸಲು ಕರುಣೆಯುಳ್ಳ ವೈದ್ಯರು ಹಿಂಜರಿಯುವುದು ಸಹಜವೇ ಆಗಿತ್ತು.

ನಮ್ಮ ಕರಾವಳಿಯಲ್ಲಿ ಆಗ ಬೇರೆಯದೇ ಯುದ್ಧ. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಆಗಸ್ಟಸ್ ಮುಲ್ಲರ್ ಔಷಧ ಹಂಚಲು ತೊಡಗಿ, ಕುಷ್ಠರೋಗಿಗಳಿಗೂ ಪ್ಲೇಗಿನವರಿಗೂ ಆಶ್ರಯ ಕಟ್ಟಿದರು. 1953ರಲ್ಲಿ ಡಾ. ಟಿ.ಎಂ.ಎ. ಪೈ ಮಣಿಪಾಲದ ಗುಡ್ಡದ ಮೇಲೆ ವೈದ್ಯಕೀಯ ಕಾಲೇಜು ತೆರೆದರು. ಸ್ವಾತಂತ್ರ್ಯ ಬಂದಾಗ ಭಾರತೀಯರ ಸರಾಸರಿ ಆಯುಸ್ಸು 32 ವರ್ಷದ ಆಸುಪಾಸಿನಲ್ಲಿತ್ತು. ಬಾಣಂತಿಯೂ ಕೂಸೂ ಉಳಿದರೆ ಸಾಕೆನ್ನುವ ಆ ದಿನಗಳಲ್ಲಿ ಅಜ್ಜಂದಿರ ಮರೆವನ್ನು ವಿಚಾರಿಸುವ ಬಿಡುವು ಯಾರಿಗಿತ್ತು? ಆಯುಸ್ಸು ಬೆಳೆದ ಮೇಲೆಯೇ ಈ ರೋಗಗಳು ನಮ್ಮ ಮನೆಗಳಲ್ಲಿ ಎದ್ದು ಕಂಡವು.

ಪಶ್ಚಿಮದಲ್ಲಿಯೂ ಒಂದು ತಪ್ಪುಕಲ್ಪನೆ ಅರ್ಧ ಶತಮಾನ ಬಾಳಿತು. ಅಗಸ್ಟೆ ಡೀಟರ್ ನಡುವಯಸ್ಸಿನವಳಾದ್ದರಿಂದ ಆಲ್ಝೈಮರ್ ಕಾಯಿಲೆಯೆಂದರೆ ಅಕಾಲದಲ್ಲಿ ಬರುವ ಅಪರೂಪದ ರೋಗವೆಂದೂ, ಎಪ್ಪತ್ತು ದಾಟಿದವರ ಮರೆವು ಬರೀ ವಯೋಧರ್ಮವೆಂದೂ, ಅಥವಾ ರಕ್ತನಾಳ ಗಡುಸಾದದ್ದೆಂದೂ ಬಹಳ ಮಂದಿ ನಂಬಿದ್ದರು. 1968ರಲ್ಲಿ ನ್ಯೂಕ್ಯಾಸಲ್ಲಿನ ಬ್ಲೆಸ್ಡ್, ಟಾಮ್ಲಿನ್‌ಸನ್ ಮತ್ತು ರಾತ್ ಎಂಬ ಮೂವರು ವೈದ್ಯರು ವೃದ್ಧರ ನೆನಪನ್ನೂ ದಿನಚರಿಯನ್ನೂ ಬದುಕಿದ್ದಾಗ ಅಳೆದು, ಮರಣಾನಂತರ ಅವರ ಮಿದುಳಿನ ಮಚ್ಚೆಗಳನ್ನು ಎಣಿಸಿದರು. ಮಚ್ಚೆ ಹೆಚ್ಚಾದಷ್ಟೂ ಮರೆವು ಹೆಚ್ಚಾಗಿತ್ತು. ಆಲ್ಝೈಮರ್ ಕಂಡದ್ದೇ ಇಲ್ಲಿಯೂ ಇತ್ತು. ಮುಪ್ಪು ಬೇರೆ, ರೋಗ ಬೇರೆ ಎಂಬ ತೀರ್ಮಾನಕ್ಕೆ ವೈದ್ಯಲೋಕ ಬಂದದ್ದು ಹೀಗೆ. 1974ರಲ್ಲಿ ವ್ಲಾಡಿಮಿರ್ ಹಚಿನ್‌ಸ್ಕಿ ಮತ್ತು ಸಂಗಡಿಗರು, ರಕ್ತನಾಳದ ದೋಷದಿಂದ ಬರುವ ಮರೆವು ನಾಳ ಮೆಲ್ಲನೆ ಗಡುಸಾಗುವುದರಿಂದ ಬರುವುದಿಲ್ಲ, ಸಣ್ಣ ಸಣ್ಣ ಪಾರ್ಶ್ವವಾಯುಗಳು ಒಂದರ ಮೇಲೊಂದು ಆಗಿ ಬರುತ್ತದೆ ಎಂದು ವಾದಿಸಿದರು. ಅದೇ ವರ್ಷದ ಡಿಸೆಂಬರ್ 27ರಂದು ಬೆಂಗಳೂರಿನ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಒಂದಾಗಿ ನಿಮ್ಹಾನ್ಸ್ ಆಯಿತು.

ಬುರುಡೆ ತೆರೆಯದೆ

1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್ ಬಳಿಯ ಅಟ್ಕಿನ್‌ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮಹಿಳೆಯೊಬ್ಬರು ತಲೆಯನ್ನು ಹೊಸ ಯಂತ್ರವೊಂದರೊಳಗೆ ಇಟ್ಟು ಮಲಗಿದರು. ಆ ಯಂತ್ರವನ್ನು ರಚಿಸಿದವರು ಇ.ಎಂ.ಐ. ಕಂಪನಿಯ ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್. ವಿಶ್ವವಿದ್ಯಾಲಯದ ಪದವಿ ಇಲ್ಲದವರು. ಮೊದಲ ಪ್ರಯೋಗದಲ್ಲಿ ಒಂದು ವಸ್ತುವಿನ ಚಿತ್ರಕ್ಕೆ ಬೇಕಾದ ಅಳತೆಗಳನ್ನು ಕಲೆಹಾಕಲು 9 ದಿನ ಹಿಡಿದಿತ್ತು. ಕಸಾಯಿಖಾನೆಯಿಂದ ಪ್ರಾಣಿಗಳ ಮಿದುಳು ತಂದು ಪರೀಕ್ಷಿಸುತ್ತ ಅವರು ಇಲ್ಲಿಗೆ ಬಂದಿದ್ದರು. ತಲೆಯ ಸುತ್ತಲೂ ನಾನಾ ಕೋನಗಳಿಂದ ಎಕ್ಸ್‌ರೇ ಹಾಯಿಸಿ, ಪ್ರತಿ ಬಾರಿ ಎಷ್ಟು ಕಿರಣ ಹೀರಲ್ಪಟ್ಟಿತೆಂದು ಅಳೆದು, ಒಳಗಿನ ಒಂದೊಂದು ಬಿಂದುವಿನ ಸಾಂದ್ರತೆಯನ್ನು ಕಂಪ್ಯೂಟರು ಲೆಕ್ಕ ಹಾಕುವುದು, ಇದೇ ಸಿ.ಟಿ. ಸ್ಕ್ಯಾನ್. ಮಹಿಳೆಯ ಮಿದುಳಿನ ಮುಂಭಾಗದಲ್ಲಿದ್ದ ಗಡ್ಡೆ ತೆರೆಯ ಮೇಲೆ ಕಂಡಿತು. ಇದಕ್ಕೆ ಬೇಕಾದ ಗಣಿತವನ್ನು ಸ್ವತಂತ್ರವಾಗಿ ರೂಪಿಸಿದ್ದ ಅಲನ್ ಕಾರ್ಮ್ಯಾಕ್ ಅವರೊಡನೆ ಹೌನ್ಸ್‌ಫೀಲ್ಡ್ 1979ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಮರೆವಿನ ಚರಿತ್ರೆಯಲ್ಲಿ ಸಿ.ಟಿ.ಯ ದೊಡ್ಡ ಉಪಕಾರವೆಂದರೆ ಗುಣವಾಗುವಂಥವನ್ನು ಅದು ಬೇರೆ ಮಾಡಿ ತೋರಿಸಿತು. ನಮ್ಮ ಬೆಳ್ತಂಗಡಿ–ಮೂಡುಬಿದಿರೆ ಸೀಮೆಯ ಒಂದು ಮನೆಯನ್ನೇ ನೆನೆಯಬಹುದು. ಆಟಿ ತಿಂಗಳ ಮಳೆ, ಅಂಗಳದ ತುಂಬ ಹಾವಸೆ. ಅಜ್ಜ ಜಾರಿ ಬಿದ್ದು ತಲೆಗೆ ಸಣ್ಣ ಪೆಟ್ಟಾಗುತ್ತದೆ. ನೋವು ಮಾಯುತ್ತದೆ, ಮನೆಯವರು ಮರೆಯುತ್ತಾರೆ. ಕೆಲವು ವಾರಗಳ ಮೇಲೆ ಅಜ್ಜನ ಮಾತು ತೊದಲುತ್ತದೆ, ಮಂಕು ಕವಿಯುತ್ತದೆ, ಹೊತ್ತುಗೊತ್ತು ತಿಳಿಯದಾಗುತ್ತದೆ. ವಯಸ್ಸಾಯಿತು ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಬುರುಡೆಗೂ ಮಿದುಳಿಗೂ ನಡುವೆ ನಿಧಾನವಾಗಿ ಸೇರಿದ ರಕ್ತ ಮಿದುಳನ್ನು ಒತ್ತುತ್ತಿರುತ್ತದೆ. ಸಿ.ಟಿ.ಯಲ್ಲಿ ಅದು ಕೆಲವೇ ನಿಮಿಷಗಳಲ್ಲಿ ಕಾಣುತ್ತದೆ. ಬುರುಡೆಗೆ ರಂಧ್ರ ಕೊರೆದು ರಕ್ತವನ್ನು ಹೊರತೆಗೆದರೆ ಎಷ್ಟೋ ಅಜ್ಜಂದಿರು ಮೊದಲಿನಂತಾಗುತ್ತಾರೆ. ಇನ್ನೊಂದು, ಮಿದುಳಿನ ಕುಹರಗಳಲ್ಲಿ ನೀರು ತುಂಬಿಕೊಳ್ಳುವ ಕಾಯಿಲೆ. ಪಾದ ನೆಲಕ್ಕಂಟಿದಂತೆ ನಡೆಯುವುದು, ಮೂತ್ರ ತಡೆಯಲಾಗದಿರುವುದು, ಮರೆವು, ಈ ಮೂರೂ ಕೂಡಿ ಬಂದಾಗ ಇದನ್ನು ಶಂಕಿಸಬೇಕೆಂದು ಕೊಲಂಬಿಯಾದ ಶಸ್ತ್ರವೈದ್ಯ ಸಾಲೊಮನ್ ಹಕೀಂ 1960ರ ದಶಕದಲ್ಲಿ ತಿಳಿಸಿದರು. ನೀರನ್ನು ಹೊಟ್ಟೆಗೆ ಹರಿಸುವ ನಳಿಕೆ ಜೋಡಿಸಿದರೆ ಇವರಲ್ಲಿ ಹಲವರಿಗೆ, ಮುಖ್ಯವಾಗಿ ನಡಿಗೆಯಲ್ಲಿ, ಸುಧಾರಣೆ ಕಾಣುತ್ತದೆ.

ಅಯಸ್ಕಾಂತದ ಕಣ್ಣು

1973ರಲ್ಲಿ ಅಮೆರಿಕದ ಪಾಲ್ ಲಾಟರ್‌ಬರ್, ಬಲವಾದ ಅಯಸ್ಕಾಂತ ಕ್ಷೇತ್ರದಲ್ಲಿ ನೀರಿನ ಪರಮಾಣುಗಳು ಕೊಡುವ ಸಂಕೇತದಿಂದ ಚಿತ್ರ ಬಿಡಿಸಬಹುದೆಂದು ತೋರಿಸಿದರು. ಇಂಗ್ಲೆಂಡಿನ ಪೀಟರ್ ಮ್ಯಾನ್ಸ್‌ಫೀಲ್ಡ್ ಆ ವಿಧಾನಕ್ಕೆ ವೇಗ ತಂದರು. ಇಬ್ಬರಿಗೂ 2003ರಲ್ಲಿ ನೊಬೆಲ್ ಬಂತು. ಎಂ.ಆರ್.ಐ. ಬಂದ ಮೇಲೆ ಮಿದುಳಿನ ಮಡಿಕೆಗಳು, ಒಳಪದರಗಳು ಸ್ಫುಟವಾಗಿ ಕಂಡವು. ಮರೆವಿನ ಬಗೆಗಳನ್ನು ಬೇರ್ಪಡಿಸುವ ಕಲೆ ಇಲ್ಲಿಂದ ಸೂಕ್ಷ್ಮವಾಯಿತು.

ತಜ್ಞರು ಆ ಚಿತ್ರವನ್ನು ಓದುವ ಕ್ರಮವನ್ನು ಹತ್ತಿರದಿಂದ ನೋಡೋಣ. ಮುಖಕ್ಕೆ ಸಮಾನಾಂತರವಾಗಿ, ಕಿವಿಯಿಂದ ಕಿವಿಗೆ ಸೀಳಿದಂತೆ ತೆಗೆದ ಚಿತ್ರದಲ್ಲಿ ಎರಡೂ ಕಿವಿಗಳ ಬದಿಯ ಕಪೋಲ ಭಾಗಗಳ ಒಳಮಗ್ಗುಲಲ್ಲಿ ಹಿಪೊಕ್ಯಾಂಪಸ್ ಎಂಬ ಪುಟ್ಟ ಅಂಗ ಕಾಣುತ್ತದೆ. ಹೊಸ ನೆನಪುಗಳು ಕಟ್ಟಿಕೊಳ್ಳುವ ಜಾಗ ಅದು. ಅದರ ಪಕ್ಕದ ಬಿರುಕು ಅಗಲವಾಗಿದೆಯೇ, ಕುಹರದ ತುದಿ ಹಿಗ್ಗಿದೆಯೇ, ಅಂಗದ ಎತ್ತರ ತಗ್ಗಿದೆಯೇ ಎಂದು ನೋಡಿ ಸೊನ್ನೆಯಿಂದ 4ರವರೆಗೆ ಅಂಕ ಕೊಡುತ್ತಾರೆ. ಆಮ್‌ಸ್ಟರ್‌ಡಾಮಿನ ಫಿಲಿಪ್ ಶೆಲ್ಟನ್ಸ್ ಮತ್ತು ಸಂಗಡಿಗರು 1992ರಲ್ಲಿ ಕೊಟ್ಟ ಅಳತೆ ಇದು. 65ರವರಿಗೆ 2 ಅಂಕ ಬಂದರೆ ಚಿಂತೆಯ ಮಾತು. 80ರವರಿಗೆ ಅದೇ ಅಂಕ ವಯೋಸಹಜವಾಗಿರಬಹುದು. ಇಲ್ಲಿ ಹಿಪೊಕ್ಯಾಂಪಸ್ ಸೊರಗಿದ್ದರೆ, ಹೊಸ ಸಂಗತಿಗಳು ನಿಲ್ಲದಿದ್ದರೆ, ಆಲ್ಝೈಮರ್ ಕಡೆಗೆ ಬೆರಳು ತೋರುತ್ತದೆ. ಹಣೆಯ ಹಿಂದಿನ ಭಾಗವೂ ಕಪೋಲದ ಮುಂತುದಿಯೂ ಸೊರಗಿದ್ದರೆ, ಸಭ್ಯರಾಗಿದ್ದವರು ಎಲ್ಲರೆದುರು ಅಸಭ್ಯ ಮಾತಾಡತೊಡಗಿದ್ದರೆ, ಮನೆಯವರ ದುಃಖಕ್ಕೆ ಕಲ್ಲಾಗಿದ್ದರೆ, ಪಿಕ್ ಮೊದಲು ಕಂಡ ಗುಂಪಿನ ರೋಗವಿರಬಹುದು. ಒಳಪದರದಲ್ಲಿ ಬಿಳಿ ಕಲೆಗಳು ಒಂದಕ್ಕೊಂದು ಕೂಡಿಕೊಂಡು ಹರಡಿದ್ದರೆ, ಅಲ್ಲಲ್ಲಿ ಸಣ್ಣ ಹಳ್ಳಗಳಾಗಿದ್ದರೆ, ಅದು ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆ ವರ್ಷಗಟ್ಟಲೆ ಮಾಡಿದ ಹಾನಿ. ಇನ್ನೂ ಒಂದು ಅಪರೂಪದ, ಭಯಂಕರ ರೋಗವುಂಟು: ಕ್ರಾಯ್ಟ್ಸ್‌ಫೆಲ್ಟ್–ಯಾಕೊಬ್. ಕೆಲವೇ ತಿಂಗಳಲ್ಲಿ ಮನುಷ್ಯರನ್ನು ಕೊಂಡೊಯ್ಯುವ ಆ ರೋಗದಲ್ಲಿ ಎಂ.ಆರ್.ಐ.ಯ ಒಂದು ವಿಶೇಷ ಚಿತ್ರದ ಮೇಲೆ ಮಿದುಳಿನ ಹೊರಪದರ ಬಿಳಿಯ ಅಂಚಿನಂತೆ ಹೊಳೆಯುತ್ತದೆ.

ಬೆಳಗುವ ಸಕ್ಕರೆ

ಎಂ.ಆರ್.ಐ. ಆಕಾರವನ್ನು ತೋರಿಸಿದರೆ ಪೆಟ್ ಸ್ಕ್ಯಾನ್ ಕೆಲಸವನ್ನು ತೋರಿಸಿತು. ಮಿದುಳು ಸಕ್ಕರೆಯನ್ನು ಉರಿಸಿ ದುಡಿಯುವ ಅಂಗ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ, ವಿಕಿರಣ ಸೂಸುವ ಫ್ಲೋರೀನ್ ಜೋಡಿಸಿದ ಸಕ್ಕರೆಯನ್ನು ಮೊದಲ ಬಾರಿ ಮನುಷ್ಯರಿಗೆ ಕೊಟ್ಟು ಮಿದುಳಿನ ಚಿತ್ರ ತೆಗೆದರು. ಆ ಫ್ಲೋರೀನಿನ ಶಕ್ತಿ ಪ್ರತಿ 110 ನಿಮಿಷಕ್ಕೆ ಅರ್ಧವಾಗುತ್ತದೆ. ಆದ್ದರಿಂದ ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಆಸ್ಪತ್ರೆಯಿಂದ ಬಹಳ ದೂರ ಇರಲಾಗದು. ರೋಗಿ ಕೆಲವು ಗಂಟೆ ಉಪವಾಸವಿದ್ದು ಬರಬೇಕು. ಚುಚ್ಚುಮದ್ದು ಕೊಟ್ಟ ಮೇಲೆ ಮಂದ ಬೆಳಕಿನ ಕೋಣೆಯಲ್ಲಿ ಅರ್ಧ ಗಂಟೆಗೂ ಹೆಚ್ಚು ಹೊತ್ತು ಮಾತಿಲ್ಲದೆ, ಓದದೆ, ಫೋನ್ ಮುಟ್ಟದೆ ಇರಬೇಕು. ಮಾತಾಡಿದರೆ ಮಾತಿನ ಭಾಗ ಸಕ್ಕರೆಯನ್ನು ಹೆಚ್ಚು ಎಳೆದುಕೊಂಡು ಚಿತ್ರ ಕೆಡುತ್ತದೆ.

ತೆರೆಯ ಮೇಲೆ ಒಂದೊಂದು ರೋಗಕ್ಕೂ ಒಂದೊಂದು ಮಬ್ಬಿನ ವಿನ್ಯಾಸ. ಆಲ್ಝೈಮರಿನಲ್ಲಿ ಕಿವಿಯ ಮೇಲಿನ ಹಿಂಬದಿ ಮಬ್ಬಾಗುತ್ತದೆ. ಮುಂಭಾಗ ಮತ್ತು ಕಪೋಲದ ರೋಗದಲ್ಲಿ ಹಣೆಯ ಹಿಂದೆ ಮಬ್ಬು. ಲೂಯಿ ಉಂಡೆಗಳ ರೋಗದಲ್ಲಿ ತಲೆಯ ತೀರ ಹಿಂದಿನ, ದೃಷ್ಟಿಯನ್ನು ಗ್ರಹಿಸುವ ಭಾಗವೂ ಮಬ್ಬಾಗುತ್ತದೆ. ಈ ರೋಗದವರಿಗೆ ಇಲ್ಲದವರು ಕಾಣುತ್ತಾರೆ. ಚಾವಡಿಯಲ್ಲಿ ಮಕ್ಕಳು ಕುಳಿತಿದ್ದಾರೆ, ಅಂಗಳಕ್ಕೆ ಯಾರೋ ಬಂದಿದ್ದಾರೆ ಎಂದು ಅಜ್ಜಿ ಸ್ಪಷ್ಟವಾಗಿ ಹೇಳುತ್ತಾರೆ. ಗತಿಸಿದ ಹಿರಿಯರು ಮನೆಗೆ ಬಂದು ಹೋಗುತ್ತಾರೆಂಬ ನಂಬಿಕೆಯಿರುವ ತುಳುನಾಡಿನಲ್ಲಿ ಆ ಮಾತಿಗೆ ಮನೆಯವರು ಬೇರೆಯ ಅರ್ಥ ಹಚ್ಚುವುದು ಸಹಜ. ಹಿರಿಯರಿಗೆ ಸಲ್ಲಿಸುವ ಬಡಿಸುವಿಕೆ ನಡೆಯಲಿ, ಜೊತೆಗೆ ವೈದ್ಯರಿಗೂ ಆ ಮಾತು ತಲುಪಲಿ. ಏಕೆಂದರೆ ಭ್ರಮೆಗೆಂದು ಸಾಮಾನ್ಯವಾಗಿ ಕೊಡುವ ಹ್ಯಾಲೊಪೆರಿಡಾಲ್ ಜಾತಿಯ ಔಷಧ ಲೂಯಿ ರೋಗದವರಿಗೆ ವಿಷವಾಗಬಲ್ಲದು. ಮೈ ಮರಗಟ್ಟಿ, ಪ್ರಜ್ಞೆ ಕುಂದಿ, ಪ್ರಾಣಕ್ಕೇ ಸಂಚಕಾರ ಬರಬಹುದು. ಡೋಪಮಿನ್ ನರಗಳ ಸ್ಥಿತಿಯನ್ನು ತೋರಿಸುವ ಡ್ಯಾಟ್ ಸ್ಕ್ಯಾನ್ ಈ ರೋಗವನ್ನು ಆಲ್ಝೈಮರಿನಿಂದ ಬೇರೆ ಮಾಡಲು ಸಹಾಯ ಮಾಡುತ್ತದೆ.

ಆಮೇಲೆ ಬಂದದ್ದು ಆಲ್ಝೈಮರ್ ಸೂಕ್ಷ್ಮದರ್ಶಕದಲ್ಲಿ ಕಂಡ ಮಚ್ಚೆಯನ್ನೇ ಜೀವಂತ ಮಿದುಳಿನಲ್ಲಿ ಕಾಣಿಸುವ ವಿದ್ಯೆ. ಪಿಟ್ಸ್‌ಬರ್ಗಿನ ವಿಲಿಯಂ ಕ್ಲಂಕ್ ಮತ್ತು ಚೆಸ್ಟರ್ ಮ್ಯಾಥಿಸ್ ಆ ಮಚ್ಚೆಗೆ ಅಂಟುವ ಒಂದು ರಾಸಾಯನಿಕವನ್ನು ರೂಪಿಸಿದರು. 2002ರಲ್ಲಿ ಸ್ವೀಡನ್ನಿನ ಉಪ್ಸಾಲದಲ್ಲಿ ಅದನ್ನು ಮೊದಲ ಬಾರಿ ರೋಗಿಗಳಲ್ಲಿ ಬಳಸಿದರು. ಅಮಿಲಾಯ್ಡ್ ಮಚ್ಚೆಗಳು ತೆರೆಯ ಮೇಲೆ ಬೆಳಗಿದವು. ಟ್ಯೂಬಿಂಗನ್ನಿನ ಆ ಸಭೆಯಿಂದ ಇಲ್ಲಿಗೆ 96 ವರ್ಷ. 2020ರಲ್ಲಿ ಎಳೆಗಂಟುಗಳನ್ನು ತೋರಿಸುವ ಸ್ಕ್ಯಾನಿಗೂ ಅಮೆರಿಕದಲ್ಲಿ ಅನುಮತಿ ದೊರೆಯಿತು. 2023ರಲ್ಲಿ ಅಲ್ಲಿ ಪೂರ್ಣ ಅನುಮತಿ ಪಡೆದ ಲೆಕಾನೆಮಾಬ್ ಎಂಬ ಔಷಧ ಆಲ್ಝೈಮರನ್ನು ಗುಣಪಡಿಸದು, ಆರಂಭದ ಹಂತದಲ್ಲಿ ಅದರ ನಡೆಯನ್ನು ಅಷ್ಟಿಷ್ಟು ನಿಧಾನಗೊಳಿಸುತ್ತದೆ. ಮಚ್ಚೆ ಇದೆಯೆಂದು ಖಚಿತವಾದ ಮೇಲೆಯೇ ಅದನ್ನು ಕೊಡಬೇಕು. ಮಿದುಳಿನಲ್ಲಿ ಊತ, ರಕ್ತಸ್ರಾವ ಆಗುತ್ತಿದೆಯೇ ಎಂದು ನಡುನಡುವೆ ಎಂ.ಆರ್.ಐ. ಮಾಡಿ ನೋಡಬೇಕು.

ಕನ್ನಡ ನಾಡಿನ ಪಾಲು

ಯಂತ್ರದ ಚಿತ್ರ ಸತ್ಯವೇ ಎಂದು ತೀರ್ಮಾನಿಸುವ ಕೊನೆಯ ನ್ಯಾಯಸ್ಥಾನ ಇಂದಿಗೂ ಮಿದುಳೇ. ಇದನ್ನು ಬಲ್ಲ ಡಾ. ಎಸ್.ಕೆ. ಶಂಕರ್ ನೇತೃತ್ವದಲ್ಲಿ 1995ರಲ್ಲಿ ನಿಮ್ಹಾನ್ಸ್‌ನಲ್ಲಿ ಮಾನವ ಮಿದುಳಿನ ಭಂಡಾರ ಆರಂಭವಾಯಿತು. ದಾನವಾಗಿ ಬಂದ ಮಿದುಳುಗಳನ್ನು ಸಂಶೋಧನೆಗಾಗಿ ಅಲ್ಲಿ ಕಾಪಾಡುತ್ತಾರೆ. ಪಕ್ಕದ ಸಂಗ್ರಹಾಲಯಕ್ಕೆ ಹೋದವರು ಸಂಸ್ಕರಿಸಿದ ಮಿದುಳನ್ನು ಕೈಗವಸು ತೊಟ್ಟು ಹಿಡಿದು ನೋಡಬಹುದು. ಸುಮಾರು 1,300 ಗ್ರಾಮ್ ತೂಕದ ಆ ಅಂಗವನ್ನು ಅಂಗೈಯಲ್ಲಿ ಹೊತ್ತ ಶಾಲಾಮಕ್ಕಳು ಎಷ್ಟೋ.

ಭಾಷೆಯ ಪ್ರಶ್ನೆಯೂ ನಮ್ಮದೇ. ಮರೆವನ್ನು ಅಳೆಯುವ ಪಾಶ್ಚಾತ್ಯ ಪರೀಕ್ಷೆಗಳು ಓದುಬರಹ ಬಲ್ಲವರಿಗಾಗಿ ಆದವು. ಶಾಲೆಗೆ ಹೋಗದ ಅಜ್ಜಿ ಗಡಿಯಾರದ ಚಿತ್ರ ಬಿಡಿಸದಿದ್ದರೆ ಅದು ರೋಗವಲ್ಲ. ಆದ್ದರಿಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ಕನ್ನಡ, ಹಿಂದಿ, ಬಂಗಾಳಿ, ತೆಲುಗು, ಮಲಯಾಳ ಎಂಬ ಐದು ಭಾಷೆಗಳಲ್ಲಿ ಪರೀಕ್ಷೆಗಳ ಒಂದು ಗುಚ್ಛ ಸಿದ್ಧವಾಯಿತು. ವೇಣೂರಿನ ಅಂಗಳದಲ್ಲಿ ತುಳು, ಪೇಟೆಯಲ್ಲಿ ಕನ್ನಡ, ನೆರೆಮನೆಯೊಡನೆ ಕೊಂಕಣಿ ಅಥವಾ ಬ್ಯಾರಿ ಆಡುತ್ತ ಬಾಳಿದವರ ನೆನಪನ್ನು ಯಾವ ಭಾಷೆಯಲ್ಲಿ ಅಳೆಯಬೇಕೆಂಬುದು ಹಗುರವಾದ ಪ್ರಶ್ನೆಯಲ್ಲ. ಸ್ಕ್ಯಾನಿಗೆ ಭಾಷೆಯ ಹಂಗಿಲ್ಲವಾದ್ದರಿಂದ ಇಂಥವರ ಪಾಲಿಗೆ ಅದರ ಬೆಲೆ ಇನ್ನೂ ಹೆಚ್ಚು. ಇಂದು ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಹೈದರಾಬಾದಿನಲ್ಲಿದ್ದಾಗ 648 ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದರು. ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಿಗೆ ಮರೆವಿನ ರೋಗ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅನಕ್ಷರಸ್ಥರಲ್ಲಿಯೂ ಈ ವ್ಯತ್ಯಾಸ ಕಂಡಿತ್ತು.

ಮಿದುಳಿನ ಅಳತೆಯೂ ಎಲ್ಲರಿಗೂ ಒಂದೇ ಅಲ್ಲ. 2019ರಲ್ಲಿ ಹೈದರಾಬಾದಿನ ಐ.ಐ.ಐ.ಟಿ. ಸಂಶೋಧಕರು 100 ಭಾರತೀಯರ ಎಂ.ಆರ್.ಐ.ಗಳಿಂದ ಒಂದು ಮಿದುಳಿನ ನಕ್ಷೆ ರಚಿಸಿದಾಗ ಅದು ಸರಾಸರಿಯಲ್ಲಿ ಪಾಶ್ಚಾತ್ಯರ ನಕ್ಷೆಗಿಂತ ಚಿಕ್ಕದಾಗಿತ್ತು. ಪರದೇಶದ ಅಳತೆಗೋಲಿನಿಂದ ಅಳೆದರೆ ನಮ್ಮ ಆರೋಗ್ಯವಂತ ಮಿದುಳೂ ಕುಗ್ಗಿದಂತೆ ಕಂಡೀತು. ಈ ಕೊರತೆಯನ್ನು ನೀಗುವ ದೊಡ್ಡ ಪ್ರಯತ್ನ ನಡೆದಿರುವುದು ಮಾವಿನ ತೋಪುಗಳ ಸೀಮೆಯಾದ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರವು, ಪ್ರೊ. ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ಮುಂದಾಳ್ತನದಲ್ಲಿ, 45 ದಾಟಿದ 10,000 ಗ್ರಾಮಸ್ಥರನ್ನು ವರ್ಷಾನುಗಟ್ಟಲೆ ಅನುಸರಿಸುವ ಗುರಿಯಿಟ್ಟು ಅಲ್ಲಿ ಅಧ್ಯಯನ ಆರಂಭಿಸಿತು. ನೆನಪಿನ ಪರೀಕ್ಷೆ, ರಕ್ತ, ವಂಶವಾಹಿ, ಎಂ.ಆರ್.ಐ. ಎಲ್ಲವೂ ಅದರಲ್ಲಿ ಸೇರಿವೆ. ರೈತರೂ ಕೂಲಿಕಾರರೂ ಬೆಂಗಳೂರಿಗೆ ಬಂದು ಯಂತ್ರದೊಳಗೆ ಮಲಗಿ ಎದ್ದುಹೋಗುತ್ತಾರೆ. ಅವರು ಕೊಟ್ಟ ಆ ಗಳಿಗೆಗಳು ಮುಂದೆ ಇಡೀ ನಾಡಿನ ವೃದ್ಧರಿಗೆ ಅಳತೆಗೋಲಾಗಲಿವೆ.

ಚಿತ್ರದ ಮಿತಿ, ಪ್ರಶ್ನೆಯ ಹಕ್ಕು

ಚಿತ್ರವೊಂದೇ ತೀರ್ಪು ಹೇಳಲಾರದು ಎಂಬುದನ್ನೂ ಈ ಚರಿತ್ರೆ ಕಲಿಸಿದೆ. ನೆನಪು ಚುರುಕಾಗಿರುವ ಎಷ್ಟೋ ಹಿರಿಯರ ಮಿದುಳಿನಲ್ಲೂ ಅಮಿಲಾಯ್ಡ್ ಮಚ್ಚೆಗಳಿರುತ್ತವೆ. ಇಳಿವಯಸ್ಸಿನಲ್ಲಿ ಆಲ್ಝೈಮರೂ ರಕ್ತನಾಳದ ದೋಷವೂ ಒಂದೇ ತಲೆಯಲ್ಲಿ ಕೂಡಿರುವುದು ಬಹಳ ಸಾಮಾನ್ಯ. ಮೊದಲು ಕೇಳಬೇಕಾದದ್ದು ಮನೆಯವರನ್ನು: ಯಾವಾಗ ಶುರುವಾಯಿತು, ಮೊದಲು ಕೆಟ್ಟದ್ದು ನೆನಪೋ, ಮಾತೋ, ನಡತೆಯೋ, ನಡಿಗೆಯೋ, ಮೆಲ್ಲಮೆಲ್ಲನೆಯೋ, ಮೆಟ್ಟಿಲು ಇಳಿದಂತೆಯೋ. ಅನಂತರ ಥೈರಾಯ್ಡ್, ಬಿ12 ಜೀವಸತ್ವ ಮುಂತಾದವುಗಳ ರಕ್ತಪರೀಕ್ಷೆ. ಖಿನ್ನತೆಯೂ ಮರೆವಿನ ವೇಷ ಹಾಕಬಲ್ಲದು. ಆಮೇಲೆ ಒಂದು ಸಿ.ಟಿ. ಅಥವಾ ಎಂ.ಆರ್.ಐ. ಪೆಟ್ ಸ್ಕ್ಯಾನ್ ದುಬಾರಿ. ಉಳಿದೆಲ್ಲ ನೋಡಿದ ಮೇಲೂ ಸಂಶಯ ಉಳಿದವರಿಗೆ ಮಾತ್ರ ಅದು ಬೇಕು.

ನಮ್ಮ ದೇಶದಲ್ಲಿ 60 ದಾಟಿದವರ ಪೈಕಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿ ಈ ಬಗೆಯ ಮರೆವಿನಿಂದ ಬಳಲುತ್ತಿದ್ದಾರೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಂದಾಜು ಹೇಳುತ್ತದೆ. ಇವರಲ್ಲಿ ಹೆಚ್ಚಿನವರ ಕಾಯಿಲೆಗೆ ಪೂರ್ಣ ಗುಣವಿಲ್ಲ. ಆದರೂ ಯಾವ ಕಾಯಿಲೆ ಎಂದು ತಿಳಿದ ಮನೆಯಲ್ಲಿ ಮಾಡಬಹುದಾದದ್ದು ಬಹಳ. ರಕ್ತನಾಳದ್ದಾದರೆ ಒತ್ತಡವನ್ನು ಹತೋಟಿಗೆ ತಂದು ಮುಂದಿನ ಪಾರ್ಶ್ವವಾಯುವನ್ನು ತಡೆಯಬಹುದು. ಲೂಯಿಯದ್ದಾದರೆ ಅಪಾಯದ ಔಷಧದಿಂದ ಕಾಪಾಡಬಹುದು. ಹಣೆಯ ಭಾಗದ್ದಾದರೆ, ಅಪ್ಪ ಬೇಕೆಂದೇ ಅವಮಾನ ಮಾಡುತ್ತಿಲ್ಲವೆಂದು ಮಗನಿಗೆ ಗೊತ್ತಾಗುತ್ತದೆ, ಆಸ್ತಿಪಾಸ್ತಿ ವಂಚಕರ ಪಾಲಾಗದಂತೆ ಹೊತ್ತಿಗೆ ಮುಂಚೆ ಎಚ್ಚರ ವಹಿಸಬಹುದು. ರಕ್ತ ಸೇರಿದ್ದಾದರೆ, ನೀರು ತುಂಬಿದ್ದಾದರೆ, ಅಜ್ಜನನ್ನೇ ಮರಳಿ ಪಡೆಯಬಹುದು.

ಸಿ.ಟಿ.ಯೂ ಎಂ.ಆರ್.ಐ.ಯೂ ಇಂದು ಮಂಗಳೂರಿನಲ್ಲಿವೆ. ವೇಣೂರಿನಿಂದ ಬೆಳಿಗ್ಗೆ ಹೊರಟರೆ ಸಂಜೆಗೆ ಮನೆ ಸೇರಬಹುದು. ಯಂತ್ರ ಹತ್ತಿರ ಬಂದಿದೆ, ವಯಸ್ಸಾಯಿತು ಬಿಡಿ ಎಂಬ ಮಾತು ಮಾತ್ರ ಇನ್ನೂ ದೂರ ಹೋಗಿಲ್ಲ. ಆ ಮಾತನ್ನು ಮನೆಯವರು ಆಡಿದರೂ, ವೈದ್ಯರು ಆಡಿದರೂ ಒಪ್ಪಬೇಕಾಗಿಲ್ಲ. ಅಜ್ಜಿಗೆ ಬಂದಿರುವುದು ಯಾವ ಬಗೆಯ ಮರೆವು ಎಂದು ಕೇಳುವುದು ಪ್ರತಿ ಮನೆಯ ಹಕ್ಕು. ನೋಡಿ, ಬೇರ್ಪಡಿಸಿ, ಉತ್ತರ ಕೊಡುವುದು ಪ್ರತಿ ಆಸ್ಪತ್ರೆಯ ಕರ್ತವ್ಯ. ನೂರು ವರ್ಷಕ್ಕೂ ಮಿಕ್ಕಿ ನಾನಾ ದೇಶದವರು ದುಡಿದು, ತಮ್ಮ ಮಿದುಳನ್ನೇ ಕೊಟ್ಟವರ ಋಣ ಹೊತ್ತು, ಈ ವಿದ್ಯೆಯನ್ನು ಕಟ್ಟಿರುವುದು ಆ ಪ್ರಶ್ನೆಗೆ ಹಿರಿಯರು ಬದುಕಿರುವಾಗಲೇ ಉತ್ತರ ಸಿಗಲೆಂದು.